‘ಹ್ಯಾವ್’: ತಮಿಳು ಭಾಷಿಕರ ದೃಷ್ಟಿಯಲ್ಲಿ ಒಂದು ಆಂಗ್ಲ ಕ್ರಿಯಾಪದ

ಆಂಗ್ಲಭಾಷೆಯಲ್ಲಿ ಅತಿಶಯವಾದ ಪ್ರಯೋಗಬಾಹುಳ್ಯವನ್ನು ಪಡೆದಿರುವ ಕ್ರಿಯಾಪದಗಳಲ್ಲಿ ‘ಹ್ಯಾವ್’ ಎಂಬುದೊಂದು. ಸ್ವಾಮ್ಯ, ಬಂಧುತ್ವ, ಅವಯವಸಂಬಂಧ, ವ್ಯಾಧಿ, ಅನುಭವ, ಭೋಜನ, ಕರ್ತವ್ಯ, ಪ್ರೇರಣೆ ಇವೇ ಮೊದಲಾದ ಅರ್ಥಗಳನ್ನು ಅದು ಸ್ವತಂತ್ರ ಕ್ರಿಯೆಯಾಗಿ ಹೇಳುವುದಲ್ಲದೆ, ಸಹಾಯಕ್ರಿಯೆಯಾಗಿ ನಿಂತು ಪೂರ್ಣಕಾಲಗಳನ್ನೂ ಘಟಿಸುತ್ತದೆ. ಹ್ಯಾವ್, ಹ್ಯಾಸ್, ಹ್ಯಾಡ್, ಹ್ಯಾವಿಂಗ್ ಎಂಬ ನಾಲ್ಕೇ ರೂಪಗಳಲ್ಲಿ ಇಷ್ಟು ಅರ್ಥಗಳನ್ನು ಹೊತ್ತಿರುವ ಈ ಕ್ರಿಯೆಗೆ ತಮಿಳಿನಲ್ಲಿ ಸರ್ವತ್ರ ಸಲ್ಲುವ ಸಮಾನಪದವಿಲ್ಲ. ಪ್ರತಿಯೊಂದು ಅರ್ಥಕ್ಕೂ ತಮಿಳು ಬೇರೆ ಬೇರೆ ವಿಭಕ್ತಿಯನ್ನೋ ಬೇರೆ ಬೇರೆ ಧಾತುವನ್ನೋ ಆಶ್ರಯಿಸುತ್ತದೆ. ಆದಕಾರಣ ತಮಿಳರು ಆಂಗ್ಲಭಾಷೆಯನ್ನು ಕಲಿಯುವಾಗ ಮೊದಲನೆಯ ಪಾಠದಿಂದ ಕೊನೆಯ ಪರೀಕ್ಷೆಯವರೆಗೂ ಈ ಒಂದು ಪದ ಅವರನ್ನು ಬಿಡದೆ ಹಿಂಬಾಲಿಸುತ್ತದೆಂದರೆ ಅತಿಶಯೋಕ್ತಿಯಾಗಲಾರದು. ವಾಕ್ಯರಚನೆಯಲ್ಲಿ ತಮಿಳಿಗೆ ಸಮೀಪಸ್ಥವಾದ ಕನ್ನಡದವರಿಗೂ ಈ ವಿಷಯ ಅನ್ಯವಲ್ಲ.

ಪದದ ಪೂರ್ವವೃತ್ತಾಂತವನ್ನು ಮೊದಲು ನೋಡಬೇಕು. ಪ್ರಾಚೀನ ಆಂಗ್ಲದಲ್ಲಿ ಇದರ ರೂಪ ‘ಹಬ್ಬನ್’. ಜರ್ಮನರ ‘ಹಾಬೆನ್’ ಇದರ ಸೋದರ. ಲ್ಯಾಟಿನ್ನಿನ ‘ಹಬೇರೆ’ ಎಂಬ ಕ್ರಿಯೆಗೂ ಇದಕ್ಕೂ ರೂಪದಲ್ಲಿಯೂ ಅರ್ಥದಲ್ಲಿಯೂ ಹೋಲಿಕೆಯಿದ್ದರೂ ಅದು ಕೇವಲ ಆಕಸ್ಮಿಕವೆಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಜರ್ಮಾನಿಕ್ ಶಾಖೆಯ ಹಕಾರ ಮೂಲದ ಕಕಾರದಿಂದ ಬಂದುದಾದ್ದರಿಂದ, ಲ್ಯಾಟಿನ್ನಿನಲ್ಲಿ ಇದರ ನಿಜವಾದ ಬಂಧು ‘ಹಿಡಿ’ ಎಂಬರ್ಥದ ‘ಕಪೇರೆ’. ಎಂದರೆ, ಕೈಯಲ್ಲಿ ಹಿಡಿದುಕೊಳ್ಳುವುದೆಂಬ ಸ್ಥೂಲವಾದ ಅರ್ಥವೇ ಕಾಲಕ್ರಮದಲ್ಲಿ ಸೂಕ್ಷ್ಮವಾಗಿ, ಒಡೆತನವನ್ನು ಹೇಳುವ ಪದವಾಯಿತು. ಇಂಡೋ-ಯೂರೋಪಿಯನ್ ಮೂಲಭಾಷೆಯಲ್ಲಿ ಸ್ವಾಮ್ಯವಾಚಕವಾದ ಇಂಥ ಕ್ರಿಯೆ ಇರಲಿಲ್ಲವೆಂದೇ ಬಹುಮಂದಿ ವಿದ್ವಾಂಸರ ಮತ. ಸಂಸ್ಕೃತದಲ್ಲಿ ‘ಮಮ ಪುತ್ರೌ ಸ್ತಃ’ ಎಂದು ಷಷ್ಠಿಯೊಡನೆ ಅಸ್ತಿಕ್ರಿಯೆಯನ್ನು ಹೇಳುತ್ತೇವೆ. ಲ್ಯಾಟಿನ್ನಿನಲ್ಲಿಯೂ ‘ಮಿಹಿ ಲಿಬೆರ್ ಎಸ್ಟ್’, ಅಂದರೆ ‘ನನಗೆ ಪುಸ್ತಕ ಇದೆ’ ಎಂಬ ಚತುರ್ಥೀರಚನೆಯುಂಟು. ರಷ್ಯದ ಜನ ಇಂದಿಗೂ ‘ನನ್ನ ಬಳಿ ಪುಸ್ತಕ’ ಎಂಬ ರೀತಿಯಲ್ಲಿಯೇ ಮಾತನಾಡುತ್ತಾರೆ. ಇಂಗ್ಲೆಂಡಿನ ನೆರೆಯಲ್ಲಿಯೇ ಇರುವ ವೆಲ್ಷ್ ಮತ್ತು ಐರಿಷ್ ಭಾಷೆಗಳಿಗೂ ‘ಹ್ಯಾವ್’ ಎಂಬುದಕ್ಕೆ ಸರಿಯಾದ ಕ್ರಿಯಾಪದವಿಲ್ಲ. ಫ್ರೆಂಚ್ ಪಂಡಿತ ಎಮೀಲ್ ಬೆನ್ವೆನಿಸ್ತ್ 1960ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ‘ಒಬ್ಬನಿಗೆ ಇರುವುದು’ ಎಂಬ ರಚನೆಯೇ ಪ್ರಪಂಚದ ಭಾಷೆಗಳಲ್ಲಿ ವ್ಯಾಪಕವಾದುದೆಂದೂ, ‘ಒಬ್ಬನು ಹೊಂದುವುದು’ ಎಂಬುದು ಅದರ ವಿಪರ್ಯಯವೆಂದೂ ಪ್ರತಿಪಾದಿಸಿದನು. ಹೀಗಿರಲಾಗಿ, ತಮಿಳಿನಲ್ಲಿ ಈ ಕ್ರಿಯೆ ಇಲ್ಲವೆಂಬುದನ್ನು ಒಂದು ನ್ಯೂನತೆಯೆಂದು ಎಣಿಸುವುದು ಸರ್ವಥಾ ತಪ್ಪು. ಪಶ್ಚಿಮ ಯೂರೋಪಿನ ಕೆಲವು ಭಾಷೆಗಳ ವಿಶೇಷವನ್ನೇ ಮನುಷ್ಯಭಾಷೆಯ ಸಾಮಾನ್ಯ ಧರ್ಮವೆಂದು ಭಾವಿಸಿದವರಿಗೆ ಮಾತ್ರ ಅದು ನ್ಯೂನತೆಯಾಗಿ ತೋರೀತು.

ತಮಿಳಿನಲ್ಲಿ ಸ್ವಾಮ್ಯವನ್ನು ಹೇಳುವ ಮಾರ್ಗಗಳು ಹಲವು. ಅವುಗಳ ನಡುವಣ ವಿವೇಕವೋ ಆಂಗ್ಲಕ್ಕಿಂತ ಸೂಕ್ಷ್ಮತರವಾದುದು. ಮಕ್ಕಳು, ಒಡಹುಟ್ಟಿದವರು, ಕಣ್ಣು, ಕೈ, ವಯಸ್ಸು, ಹಕ್ಕು ಮುಂತಾಗಿ ಮನುಷ್ಯನಿಂದ ಬೇರ್ಪಡಿಸಲಾಗದ ವಸ್ತುಗಳಿಗೆ ಚತುರ್ಥೀ ವಿಭಕ್ತಿ ಬರುತ್ತದೆ: ‘ಎನಕ್ಕು ಇರಂಡು ಪಿಳ್ಳೈಗಳ್ ಇರುಕ್ಕಿರಾರ್ಗಳ್’, ಅಂದರೆ ನನಗೆ ಇಬ್ಬರು ಮಕ್ಕಳಿದ್ದಾರೆ. ಹಣ, ಪುಸ್ತಕ, ಲೇಖನಿ ಮುಂತಾಗಿ ಇಂದು ಇದ್ದು ನಾಳೆ ಇನ್ನೊಬ್ಬರ ಕೈಸೇರಬಹುದಾದ ವಸ್ತುಗಳಿಗೆ ‘ಇಡಂ’ ಎಂಬ ಸ್ಥಾನವಾಚಕ ಸೇರುತ್ತದೆ: ‘ಎನ್ನಿಡಂ ಪಣಂ ಇರುಕ್ಕಿರದು’, ಅಂದರೆ ನನ್ನ ಬಳಿ ಹಣವಿದೆ, ಇದೇ ಆಡುಮಾತಿನಲ್ಲಿ ‘ಎಂಗಿಟ್ಟ ಪಣಂ ಇರುಕ್ಕು’ ಎಂದಾಗುತ್ತದೆ. ಮನೆ, ಊರು, ಪಾತ್ರೆ ಮೊದಲಾದ ಅಚೇತನಗಳ ವಿಷಯದಲ್ಲಿ ‘ವೀಟ್ಟಿಲ್ ಮೂನ್ರು ಅರೈ ಇರುಕ್ಕಿರದು’ ಎಂದು ಸಪ್ತಮಿ ಬರುತ್ತದೆ. ಆಂಗ್ಲನಾದರೋ ಅಲ್ಲಿಯೂ ಮನೆಯನ್ನೇ ಕರ್ತೃವಾಗಿಸಿ ‘ದಿ ಹೌಸ್ ಹ್ಯಾಸ್ ತ್ರೀ ರೂಮ್ಸ್’ ಎನ್ನುತ್ತಾನೆ. ಇವುಗಳಲ್ಲದೆ, ‘ವೈ’ ಎಂಬ ‘ಇಡು’ ಧಾತುವಿಗೆ ‘ಇರು’ ಸೇರಿ ಆಗುವ ‘ವೈತ್ತಿರುಕ್ಕಿರಾನ್’ ಎಂಬ ರೂಪವೊಂದುಂಟು. ನಮ್ಮ ‘ಇಟ್ಟುಕೊಂಡಿದ್ದಾನೆ’ ಎಂಬುದರಂತೆ ಇದು ವ್ಯಕ್ತಿಯನ್ನು ಕರ್ತೃಸ್ಥಾನದಲ್ಲಿಯೇ ನಿಲ್ಲಿಸುವುದರಿಂದ ‘ಹ್ಯಾವ್’ ರಚನೆಗೆ ಅತ್ಯಂತ ಸಮೀಪವಾದುದು. ಆದರೆ ಸೈಕಲ್ಲನ್ನೋ ಅಂಗಡಿಯನ್ನೋ ಹೀಗೆ ಹೇಳಬಹುದೇ ಹೊರತು, ತಲೆನೋವನ್ನು ಹೀಗೆ ಹೇಳಲಾಗದು. ತಲೆನೋವು ಮನುಷ್ಯನಿಗೆ ಬರುವುದೇ ವಿನಾ ಮನುಷ್ಯನು ಅದನ್ನು ಇಟ್ಟುಕೊಳ್ಳುವುದಿಲ್ಲ.

ಅಸ್ತಿತ್ವವನ್ನೂ ಅಭಾವವನ್ನೂ ಹೇಳುವ ‘ಉಂಡು’, ‘ಇಲ್ಲೈ’ ಎಂಬ ಎರಡು ಪದಗಳನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ಇವು ನಮ್ಮ ಉಂಟು, ಇಲ್ಲ ಎಂಬವುಗಳೇ. ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಇವು ಮಾರ್ಪಡುವುದಿಲ್ಲ. ಕಾಲವನ್ನು ಸ್ಫುಟವಾಗಿ ತೋರಿಸುವುದೂ ಇಲ್ಲ. ತಮಿಳು ವೈಯಾಕರಣರು ಇಂಥವುಗಳನ್ನು ‘ಕುರಿಪ್ಪು ವಿನೈ’ ಎಂಬ ಪ್ರತ್ಯೇಕ ವರ್ಗದಲ್ಲಿ ಸೇರಿಸಿದರು. ತಮಿಳಿನ ಉಪಲಬ್ಧ ವ್ಯಾಕರಣಗಳಲ್ಲಿ ಅತಿ ಪ್ರಾಚೀನವಾದ ತೊಲ್ಕಾಪ್ಪಿಯವು ಈ ವರ್ಗದ ಪದಗಳು ಹುಟ್ಟುವ ನಿಮಿತ್ತಗಳನ್ನು ಹೇಳುವಾಗ ‘ಉಡೈಮೈ’, ಎಂದರೆ ಒಡೆತನವನ್ನೂ ಹೆಸರಿಸುತ್ತದೆ; ‘ಉಡೈಯನ್’, ಅಂದರೆ ಉಳ್ಳವನು ಎಂಬ ನಾಮಪ್ರಾಯವಾದ ಪದವೇ ವಾಕ್ಯಾಂತ್ಯದಲ್ಲಿ ನಿಂತು ಆಖ್ಯಾತದ ಕಾರ್ಯವನ್ನು ನಡೆಸುವುದೆಂದು ಆ ಸಂಪ್ರದಾಯದವರು ಕಂಡುಕೊಂಡಿದ್ದರು. ಹದಿಮೂರನೆಯ ಶತಮಾನದ ಆದಿಯಲ್ಲಿ, ಗಂಗವಂಶದ ಸೀಯಗಂಗನ ಆಶ್ರಯದಲ್ಲಿ ಜೈನಮುನಿ ಪವಣಂದಿ ರಚಿಸಿದ ನನ್ನೂಲೂ ಈ ವಿಚಾರವನ್ನು ಮುಂದುವರಿಸಿತು. ಸ್ವಾಮ್ಯವನ್ನು ವ್ಯಾಪಾರವೆಂದೆಣಿಸದೆ ಸ್ಥಿತಿಯೆಂದು ಎಣಿಸಿದ ಆ ಪ್ರಾಚೀನರ ದೃಷ್ಟಿ ನಿಜಕ್ಕೂ ಶ್ಲಾಘ್ಯ. ‘ಹ್ಯಾವ್’ ಎಂಬುದು ರೂಪದಲ್ಲಿ ಸಕರ್ಮಕವಾದರೂ ಅದಕ್ಕೆ ಸ್ವಾಮ್ಯಾರ್ಥದಲ್ಲಿ ಕರ್ಮಣಿಪ್ರಯೋಗ ಸಲ್ಲುವುದಿಲ್ಲವೆಂಬ ಸಂಗತಿಯನ್ನು ಯೋಚಿಸಿದರೆ, ಆಂಗ್ಲದಲ್ಲಿಯೂ ಅದು ವೇಷದಿಂದ ಮಾತ್ರ ವ್ಯಾಪಾರ, ಸ್ವಭಾವದಿಂದ ಸ್ಥಿತಿಯೇ ಎಂಬುದು ಗೋಚರವಾಗುತ್ತದೆ.

ಕಲಿಯುವವನ ಮೊದಲ ತೊಡಕು ಇರುವುದು ಅನ್ವಯದಲ್ಲಿ. ‘ಎನಕ್ಕು ಒರು ಮಗನ್ ಇರುಕ್ಕಿರಾನ್, ಒರು ಮಗಳ್ ಇರುಕ್ಕಿರಾಳ್’ ಎಂಬಲ್ಲಿ ಕ್ರಿಯಾಪದವು ಮಗನನ್ನೂ ಮಗಳನ್ನೂ ಅನುಸರಿಸುತ್ತದೆ, ಎಂದರೆ ಸ್ವತ್ತನ್ನು ಅನುಸರಿಸುತ್ತದೆ. ‘ಶಿ ಹ್ಯಾಸ್ ಟು ಸನ್ಸ್’ ಎಂಬಲ್ಲಿಯಾದರೋ ಸ್ವಾಮಿಯನ್ನು ಅನುಸರಿಸುತ್ತದೆ. ಆದ್ದರಿಂದ ತಮಿಳು ವಿದ್ಯಾರ್ಥಿ ‘ಹ್ಯಾಸ್’ ಬರಬೇಕಾದಲ್ಲಿ ‘ಹ್ಯಾವ್’ ಎಂದರೆ ಅವನ ಮನಸ್ಸಿನಲ್ಲಿ ವ್ಯಾಕರಣವೇ ಇಲ್ಲವೆಂದು ತಿಳಿಯಬಾರದು. ಬಹುವಚನದ ಪುತ್ರರೊಡನೆ ಬಹುವಚನದ ಕ್ರಿಯೆಯನ್ನು ಅನ್ವಯಿಸುವ ತನ್ನ ಭಾಷೆಯ ನ್ಯಾಯವನ್ನೇ ಅವನು ಅಲ್ಲಿ ಪಾಲಿಸುತ್ತಿರಬಹುದು. ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವುಂಟು. ‘ಎನಕ್ಕು’ ಎಂದೊಡನೆ ‘ಐ ಹ್ಯಾವ್’ ಎಂದು ಕಂಠಪಾಠ ಮಾಡಿಸುವ ಉಪಾಧ್ಯಾಯರು, ಚತುರ್ಥಿಯ ಕ್ಷೇತ್ರ ಸ್ವಾಮ್ಯವನ್ನು ಮೀರಿ ಎಷ್ಟು ದೂರ ಹಬ್ಬಿದೆಯೆಂಬುದನ್ನು ಮರೆಯುತ್ತಾರೆ. ‘ಎನಕ್ಕುಪ್ ಪಸಿಕ್ಕಿರದು’ ಎಂಬುದಕ್ಕೆ ಆಂಗ್ಲದಲ್ಲಿ ‘ಐ ಆಮ್ ಹಂಗ್ರಿ’; ‘ಎನಕ್ಕುತ್ ತೆರಿಯುಂ’ ಎಂಬುದಕ್ಕೆ ‘ಐ ನೋ’; ‘ಎನಕ್ಕುಪ್ ಪಿಡಿಕ್ಕುಂ’ ಎಂಬುದಕ್ಕೆ ‘ಐ ಲೈಕ್’; ‘ಎನಕ್ಕುಕ್ ಕಾಯ್ಚ್ಚಲ್’ ಎಂಬ ಕ್ರಿಯಾರಹಿತವಾದ ವಾಕ್ಯಕ್ಕೆ ಮಾತ್ರ ‘ಐ ಹ್ಯಾವ್ ಎ ಫೀವರ್’. ಹಸಿವು, ಜ್ಞಾನ, ಪ್ರೀತಿ, ಜ್ವರ ಈ ನಾಲ್ಕೂ ಮನುಷ್ಯನಿಗೆ ಒದಗಿಬರುವ ಅನುಭವಗಳೆಂದು ದ್ರಾವಿಡಭಾಷೆಗಳು ಒಂದೇ ವಿಭಕ್ತಿಯಲ್ಲಿ ಹೇಳಿದರೆ, ಆಂಗ್ಲವು ಒಂದನ್ನು ಗುಣವೆಂದೂ ಎರಡನ್ನು ಕ್ರಿಯೆಗಳೆಂದೂ ಕೊನೆಯದನ್ನು ಸ್ವತ್ತೆಂದೂ ವಿಂಗಡಿಸುತ್ತದೆ. ಈ ಚತುರ್ಥೀಕರ್ತೃವಿನ ರಚನೆ ದಕ್ಷಿಣಭಾರತಕ್ಕೆ ಸೀಮಿತವಾದುದಲ್ಲ. ಭಾಷಾಶಾಸ್ತ್ರಜ್ಞ ಎಮೆನೋ 1956ರಲ್ಲಿ ಭಾರತವನ್ನು ಒಂದು ಭಾಷಾಕ್ಷೇತ್ರವೆಂದು ನಿರೂಪಿಸಿದ ಬಳಿಕ, ಕೋಲಿನ್ ಮಸಿಕಾ ತನ್ನ 1976ರ ಗ್ರಂಥದಲ್ಲಿ ಈ ರಚನೆಯನ್ನು ಆ ಕ್ಷೇತ್ರದ ಲಕ್ಷಣಗಳಲ್ಲೊಂದಾಗಿ ವಿಚಾರಿಸಿದನು. ಕನ್ನಡದ ಚತುರ್ಥೀಕರ್ತೃವನ್ನು ಕುರಿತು ಎಸ್. ಎನ್. ಶ್ರೀಧರ್ ಅವರು 1979ರಲ್ಲಿ ಬರೆದ ಪ್ರಬಂಧವೂ ಈ ಚರ್ಚೆಯಲ್ಲಿ ಗಣ್ಯವಾದುದು.

ಐರೋಪ್ಯರು ತಮಿಳನ್ನು ಕಲಿಯತೊಡಗಿದಾಗ ಇದೇ ಸಮಸ್ಯೆ ವಿಪರೀತ ದಿಕ್ಕಿನಿಂದ ಅವರಿಗೆ ಎದುರಾಯಿತು. 1706ರಲ್ಲಿ ತರಂಗಂಬಾಡಿಗೆ ಬಂದಿಳಿದ ಕ್ರೈಸ್ತ ಧರ್ಮಪ್ರಚಾರಕ ಜೀಗನ್‌ಬಾಲ್ಗನು ಲ್ಯಾಟಿನ್ನಿನಲ್ಲಿ ಬರೆದ ತಮಿಳು ವ್ಯಾಕರಣವು 1716ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಅಚ್ಚಾಯಿತು. ಇಟಲಿಯ ಬೆಸ್ಕಿ, ತಮಿಳರ ವೀರಮಾಮುನಿವರ್, ಆಡುಮಾತಿನ ತಮಿಳಿಗೂ ಗ್ರಂಥಸ್ಥ ತಮಿಳಿಗೂ ಬೇರೆ ಬೇರೆ ವ್ಯಾಕರಣಗಳನ್ನು ರಚಿಸಿದನು. ಆಂಗ್ಲವನ್ನೂ ತಮಿಳನ್ನೂ ನೇರವಾಗಿ ಜೋಡಿಸಿದ ಆದ್ಯ ಕೋಶಕಾರರಲ್ಲಿ ಫಾಬ್ರೀಸಿಯುಸನ ಹೆಸರು ಸ್ಮರಣೀಯ. ಮದರಾಸಿನ ವೇಪೇರಿಯ ಅಚ್ಚುಕೂಟದಿಂದ 1779ರಲ್ಲಿ ಅವನ ತಮಿಳು–ಆಂಗ್ಲ ನಿಘಂಟೂ, 1786ರಲ್ಲಿ ಆಂಗ್ಲ–ತಮಿಳು ನಿಘಂಟೂ ಹೊರಬಂದವು. ಆ ಕಾಲದ ಐರೋಪ್ಯರು ತಮಿಳನ್ನೇ ‘ಮಲಬಾರ್ ಭಾಷೆ’ ಎಂದು ಕರೆಯುತ್ತಿದ್ದುದರಿಂದ ಆ ಹೆಸರೇ ಅವುಗಳ ಮುಖಪುಟದಲ್ಲಿ ಕಾಣುತ್ತದೆ. ಅನಂತರ ರಾಟ್ಲರನ ಕೋಶವೂ, 1862ರಲ್ಲಿ ವಿನ್‌ಸ್ಲೋ ಪ್ರಕಟಿಸಿದ ಮಹಾಕೋಶವೂ ಬಂದವು. ಮದರಾಸು ವಿಶ್ವವಿದ್ಯಾಲಯವು 1924ರಿಂದ 1936ರವರೆಗೆ ಆರು ಸಂಪುಟಗಳಲ್ಲಿ ಹೊರತಂದು 1939ರಲ್ಲಿ ಅನುಬಂಧದೊಡನೆ ಮುಗಿಸಿದ ತಮಿಳು ಲೆಕ್ಸಿಕನ್ನು ಈ ಪರಂಪರೆಯ ಶಿಖರ. ಅದೇ ವಿಶ್ವವಿದ್ಯಾಲಯ ಅ. ಚಿದಂಬರನಾಥ ಚೆಟ್ಟಿಯಾರರ ಸಂಪಾದಕತ್ವದಲ್ಲಿ 1963ರಿಂದ ಪ್ರಕಟಿಸಿದ ಆಂಗ್ಲ–ತಮಿಳು ನಿಘಂಟು ವಿದ್ಯಾರ್ಥಿಗಳಿಗೆ ದೀರ್ಘಕಾಲ ಆಧಾರವಾಗಿತ್ತು.

ಈ ಕೋಶಗಳ ಉಪಕಾರವನ್ನು ಎಷ್ಟು ಸ್ಮರಿಸಿದರೂ ಸಾಲದು. ಆದರೂ ‘ಹ್ಯಾವ್’ ವಿಷಯದಲ್ಲಿ ನಿಘಂಟಿನ ಪದ್ಧತಿಗೇ ಒಂದು ಮಿತಿಯುಂಟೆಂಬುದನ್ನು ಹೇಳದೆ ವಿಧಿಯಿಲ್ಲ. ಪದಕ್ಕೆ ಪದವನ್ನು ಕೊಡಬೇಕಾದ ನಿಘಂಟುಕಾರನು ‘ಉಡೈಯವನಾಯಿರು’, ‘ಕೊಂಡಿರು’, ‘ವೈತ್ತಿರು’ ಎಂದು ಬರೆಯುತ್ತಾನೆ. ಅವುಗಳಲ್ಲಿ ಮೊದಲನೆಯದು ಕ್ರೈಸ್ತ ಧರ್ಮಗ್ರಂಥದ ತಮಿಳು ಅನುವಾದದಲ್ಲಿ ಹೇರಳವಾಗಿದ್ದರೂ, ಮನೆಯೊಳಗೆ ಯಾವ ತಮಿಳು ತಾಯಿಯೂ ತಾನು ಇಬ್ಬರು ಮಕ್ಕಳನ್ನು ‘ಉಡೈಯವಳಾಯಿರುಕ್ಕಿರೇನ್’ ಎಂದು ಹೇಳುವುದಿಲ್ಲ. ಸಮಾನಾರ್ಥ ಇರುವುದು ಪದದಲ್ಲಲ್ಲ, ವಾಕ್ಯದಲ್ಲಿ. ವಿಭಕ್ತಿಪ್ರತ್ಯಯವನ್ನೂ ಇರುವಿಕೆಯ ಧಾತುವನ್ನೂ ಒಟ್ಟಾಗಿ ತೋರಿಸಿದಾಗಲೇ ಅದು ದೊರೆಯುತ್ತದೆ. ಆರ್ಡೆನ್ ಎಂಬಾತ ಐರೋಪ್ಯರಿಗಾಗಿ 1891ರಲ್ಲಿ ಬರೆದಂಥ ಬೋಧಕ ವ್ಯಾಕರಣಗಳು ವಾಕ್ಯಗಳನ್ನೇ ಮುಂದಿಟ್ಟುಕೊಂಡು ಪಾಠ ನಡೆಸಿದುದರಿಂದ, ಈ ಅಂಶದಲ್ಲಿ ದೊಡ್ಡ ನಿಘಂಟುಗಳಿಗಿಂತ ಹೆಚ್ಚು ಪ್ರಯೋಜನಕಾರಿಯಾಗಿವೆ.

ಇನ್ನು ಸಹಾಯಕ್ರಿಯೆಯಾಗಿ ‘ಹ್ಯಾವ್’. ಈ ಪ್ರಕರಣವೇ ಎಲ್ಲಕ್ಕಿಂತ ಸ್ವಾರಸ್ಯವಾದುದು. ‘ನಾನು ಪತ್ರವನ್ನು ಬರೆಯಲ್ಪಟ್ಟುದಾಗಿ ಹೊಂದಿದ್ದೇನೆ’ ಎಂಬಂಥ ಸ್ವಾಮ್ಯವಾಕ್ಯದಿಂದ ಆಂಗ್ಲರ ಪೂರ್ಣವರ್ತಮಾನ ಹುಟ್ಟಿತು. ಬರೆದು ಮುಗಿಸಿದ ಪತ್ರ ನನ್ನ ವಶದಲ್ಲಿದೆ ಎಂಬುದರಿಂದ, ಬರೆದಾಗಿದೆ ಎಂಬ ಕಾಲಾರ್ಥ ನಿಷ್ಪನ್ನವಾಯಿತು. ತಮಿಳಿನಲ್ಲಿ ಇದೇ ಅರ್ಥ ‘ಎಳುದಿಯಿರುಕ್ಕಿರೇನ್’, ‘ವಂದಿರುಕ್ಕಿರೇನ್’ ಎಂದು ಭೂತನ್ಯೂನಕ್ಕೆ ‘ಇರು’ ಧಾತು ಸೇರುವುದರಿಂದ ಸಿದ್ಧಿಸುತ್ತದೆ. ಕನ್ನಡದ ಬರೆದಿದ್ದೇನೆ, ಬಂದಿದ್ದೇನೆ ಎಂಬುವೂ ಹಾಗೆಯೇ. ಒಂದು ಭಾಷೆ ಹೊಂದುವಿಕೆಯಿಂದ ಕಟ್ಟಿದುದನ್ನು ಮತ್ತೊಂದು ಇರುವಿಕೆಯಿಂದ ಕಟ್ಟಿತು. ಪೂರ್ವಕಾಲದ ಆಂಗ್ಲದಲ್ಲಿಯೂ ಹೋಗು, ಬಾ ಮೊದಲಾದ ಗಮನಾರ್ಥಕ ಧಾತುಗಳಿಗೆ ‘ಹಿ ಈಸ್ ಕಮ್’ ಎಂದು ಇರುವಿಕೆಯ ಕ್ರಿಯೆಯೇ ಸಹಾಯಕವಾಗಿದ್ದು, ಕಾಲಾನಂತರ ‘ಹ್ಯಾವ್’ ಅದನ್ನು ಪಕ್ಕಕ್ಕೆ ಸರಿಸಿತೆಂಬ ವೃತ್ತಾಂತವನ್ನು ತಮಿಳು ವಿದ್ಯಾರ್ಥಿಗೆ ತಿಳಿಸಿದರೆ, ಅಪರಿಚಿತವೆಂದು ತೋರಿದ್ದು ಅವನಿಗೆ ಪರಿಚಿತವಾದೀತು.

ಆದರೆ ಎರಡು ಭಾಷೆಗಳ ಪೂರ್ಣಕಾಲಗಳೂ ಎಲ್ಲ ಕಡೆಯೂ ಹೊಂದುವುದಿಲ್ಲ. ಬೆಳಗ್ಗೆ ಎದ್ದು ನೆನೆದ ನೆಲವನ್ನು ನೋಡಿದವನು ‘ಮಳೈ ಪೆಯ್ದಿರುಕ್ಕಿರದು’ ಎಂದರೆ, ಮಳೆ ಬಿದ್ದಿರಬೇಕೆಂಬ ಊಹೆ ಅಲ್ಲಿ ಪ್ರಧಾನ; ಆಂಗ್ಲರು ಅದಕ್ಕೆ ‘ಮಸ್ಟ್ ಹ್ಯಾವ್’ ಎಂದು ಬೇರೊಂದು ಸಹಾಯವನ್ನು ಕರೆಯಬೇಕಾದೀತು. ಊಟದ ಹೊತ್ತಿನಲ್ಲಿ ಬಂದ ಅತಿಥಿಯನ್ನು ತಮಿಳನು ‘ಶಾಪ್ಪಿಟ್ಟೀರ್ಗಳಾ’ ಎಂದು ಶುದ್ಧ ಭೂತಕಾಲದಲ್ಲಿ ವಿಚಾರಿಸುವಾಗ, ಇಂಗ್ಲೆಂಡಿನವನು ‘ಹ್ಯಾವ್ ಯು ಈಟನ್’ ಎಂದು ಪೂರ್ಣವರ್ತಮಾನದಲ್ಲಿ ಕೇಳುತ್ತಾನೆ. ಹತ್ತು ವರ್ಷಗಳಿಂದ ಇಲ್ಲಿಯೇ ಇರುವವನು ತಮಿಳಿನಲ್ಲಿ ‘ಇರುಕ್ಕಿರೇನ್’ ಎಂದು ವರ್ತಮಾನವನ್ನೇ ಹೇಳುವುದರಿಂದ, ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯ ಅವನ ಬಾಯಿಂದ ಸಹಜವಾಗಿ ಹೊರಡುತ್ತದೆ; ಆಂಗ್ಲರ ಸಂಪ್ರದಾಯ ಅಲ್ಲಿ ‘ಹ್ಯಾವ್ ಬೀನ್’ ಎಂಬುದನ್ನೂ ‘ಫಾರ್’ ಎಂಬ ಅವ್ಯಯವನ್ನೂ ಬಯಸುತ್ತದೆ. ‘ಪೋಯಿರುಕ್ಕಿರಾನ್’ ಎಂಬ ತಮಿಳು ರೂಪ, ಹೋಗಿ ಅಲ್ಲಿಯೇ ಇರುವವನಿಗೂ, ಹಿಂದೊಮ್ಮೆ ಹೋಗಿ ಬಂದವನಿಗೂ ಸಲ್ಲುವುದಾದರೆ, ಆಂಗ್ಲದಲ್ಲಿ ಮೊದಲನೆಯವನು ‘ಹ್ಯಾಸ್ ಗಾನ್’, ಎರಡನೆಯವನು ‘ಹ್ಯಾಸ್ ಬೀನ್’.

ಪೂರ್ಣಭೂತದ ‘ಹ್ಯಾಡ್’ ಎಂಬುದರ ಅತಿಪ್ರಯೋಗವನ್ನು ಭಾರತೀಯರ ಆಂಗ್ಲದ ಪ್ರಸಿದ್ಧ ಲಕ್ಷಣವೆಂದು ಎಲ್ಲರೂ ಹೇಳುತ್ತಾರೆ. ಅದರ ಕಾರಣವನ್ನು ಹುಡುಕುವವರು ಮಾತ್ರ ವಿರಳ. ‘ನೇಟ್ರು ಮದುರೈಕ್ಕುಪ್ ಪೋಯಿರುಂದೇನ್’ ಎಂದು ತಮಿಳನೂ, ‘ನಿನ್ನೆ ಮದುರೆಗೆ ಹೋಗಿದ್ದೆ’ ಎಂದು ಕನ್ನಡಿಗನೂ ಹೇಳುವಾಗ, ಹೋದದ್ದೂ ಮರಳಿ ಬಂದದ್ದೂ ಒಂದೇ ಕ್ರಿಯಾರೂಪದಲ್ಲಿ ಅಡಕವಾಗಿರುತ್ತದೆ. ಆ ಸ್ಥಿತಿ ಆಗ ಇತ್ತು, ಈಗಿಲ್ಲ ಎಂಬ ಧ್ವನಿಯನ್ನು ‘ಇರುಂದೇನ್’ ಎಂಬ, ನಮ್ಮ ‘ಇದ್ದೆ’ ಎಂಬ ಭೂತರೂಪವು ಕೊಡುತ್ತದೆ. ಈ ಸುಂದರವಾದ ಅರ್ಥಚ್ಛಾಯೆಯನ್ನು ಆಂಗ್ಲಕ್ಕೆ ಒಯ್ಯಬೇಕೆಂಬ ಆಸೆಯಿಂದ ‘ಐ ಹ್ಯಾಡ್ ಗಾನ್ ಟು ಮದುರೈ ಎಸ್ಟರ್‌ಡೇ’ ಎಂದರೆ, ಆಂಗ್ಲ ಶ್ರೋತೃ ಆ ಗಮನಕ್ಕಿಂತ ಈಚೆಗೆ ನಡೆದ ಮತ್ತೊಂದು ಭೂತಕ್ರಿಯೆಗಾಗಿ ಕಾಯುತ್ತಾನೆ. ಅದು ಬರದಿದ್ದಾಗ ಅವನಿಗೆ ವಾಕ್ಯ ಅಪೂರ್ಣವೆನಿಸುತ್ತದೆ. ಆಂಗ್ಲದ ಪೂರ್ಣಭೂತ ಎರಡು ಭೂತಘಟನೆಗಳ ಪೌರ್ವಾಪರ್ಯವನ್ನು ಹೇಳುವುದಕ್ಕಾಗಿ ಇರುವುದು. ತಮಿಳು ಕನ್ನಡಗಳ ಪೂರ್ಣಭೂತವಾದರೋ ಅದರ ಜೊತೆಗೆ, ಮುಗಿದು ಹಿಂದೆ ಸರಿದ ಸ್ಥಿತಿಯನ್ನೂ ಹೇಳಬಲ್ಲುದು. ಈ ಭೇದವನ್ನು ಒಮ್ಮೆ ವಿಶದಪಡಿಸಿದರೆ ಸಾಕು, ತಿದ್ದುಪಡಿಯ ಕೆಂಪು ಶಾಯಿ ಬಹಳಷ್ಟು ಉಳಿದೀತು.

ಕರ್ತವ್ಯವನ್ನು ಹೇಳುವ ‘ಹ್ಯಾವ್ ಟು’ ಎಂಬ ರಚನೆಗೆ ತಮಿಳಿನಲ್ಲಿ ‘ವೇಂಡುಂ’ ಎಂಬ ಪದವುಂಟು: ‘ನಾನ್ ಪೋಗ ವೇಂಡುಂ’. ಪರಿಸ್ಥಿತಿಯ ಒತ್ತಡದಿಂದ ಬಂದ ಅನಿವಾರ್ಯವನ್ನು ತೋರಿಸಬೇಕಾದಾಗ ‘ಪೋಗ ವೇಂಡಿಯಿರುಕ್ಕಿರದು’ ಎಂದು ಮತ್ತೆ ‘ಇರು’ ಧಾತುವೇ ಬಂದು ನಿಲ್ಲುತ್ತದೆ. ನಮ್ಮ ‘ಹೋಗಬೇಕಾಗಿದೆ’ ಎಂಬುದು ಇದರ ಪ್ರತಿಬಿಂಬ. ನಿಷೇಧದಲ್ಲಿ ಮಾತ್ರ ಎಚ್ಚರ ಬೇಕು. ‘ಪೋಗ ವೇಂಡಾಂ’ ಎಂಬುದು ಹೋಗಬೇಡವೆಂಬ ತಡೆಯನ್ನೂ, ಹೋಗಬೇಕಾಗಿಲ್ಲವೆಂಬ ವಿನಾಯಿತಿಯನ್ನೂ ಸಂದರ್ಭಾನುಸಾರ ಸೂಚಿಸಬಲ್ಲುದಾದರೆ, ಆಂಗ್ಲದಲ್ಲಿ ‘ಡೋಂಟ್ ಹ್ಯಾವ್ ಟು’ ಎಂಬುದು ವಿನಾಯಿತಿಯನ್ನಷ್ಟೇ ಹೇಳುತ್ತದೆ. ತಡೆಗೆ ‘ಮಸ್ಟ್ ನಾಟ್’ ಬೇಕು.

ಬೇರೊಬ್ಬರಿಂದ ಮಾಡಿಸಿಕೊಂಡ ಕೆಲಸವನ್ನು ಹೇಳುವ ಪ್ರಯೋಗವೂ ಇಂಥದೇ. ಕ್ಷೌರಿಕನ ಅಂಗಡಿಯಿಂದ ಬಂದ ತಮಿಳನು ‘ಮುಡಿ ವೆಟ್ಟಿಕ್ಕೊಂಡೇನ್’ ಎನ್ನುತ್ತಾನೆ. ‘ಕೊಳ್’ ಎಂಬ ಆತ್ಮಾರ್ಥಕ ಸಹಾಯಕ್ರಿಯೆಯೇ, ಫಲ ನನಗೆ, ಶ್ರಮ ಇನ್ನೊಬ್ಬನದು ಎಂಬುದನ್ನು ತಿಳಿಸಿಬಿಡುತ್ತದೆ. ಅದನ್ನೇ ‘ಐ ಕಟ್ ಮೈ ಹೇರ್’ ಎಂದು ಪರಿವರ್ತಿಸಿದರೆ, ತಾನೇ ಕತ್ತರಿ ಹಿಡಿದೆನೆಂಬ ಅರ್ಥ ಬಂದುಬಿಡುತ್ತದೆ. ‘ಐ ಹ್ಯಾಡ್ ಮೈ ಹೇರ್ ಕಟ್’ ಎಂಬಲ್ಲಿ ‘ಹ್ಯಾಡ್’ ಮಾಡುವ ಕಾರ್ಯ ತಮಿಳಿನ ‘ಕೊಳ್’ ಮಾಡುವ ಕಾರ್ಯವೇ. ಸ್ನಾನ, ಭೋಜನ, ವಿಶ್ರಾಂತಿ ಮುಂತಾದ ನಾಮಪದಗಳೊಡನೆ ‘ಹ್ಯಾವ್ ಎ ಬಾತ್’, ‘ಹ್ಯಾವ್ ಕಾಫಿ’ ಎಂದು ಬರುವಲ್ಲಿ ಈ ಕ್ರಿಯೆಗೆ ಸ್ವಂತ ಅರ್ಥ ಬಹುಮಟ್ಟಿಗೆ ಲುಪ್ತವಾಗಿರುತ್ತದೆ. ತಮಿಳು ಅಲ್ಲಿ ‘ಕುಳಿ’, ‘ಶಾಪ್ಪಿಡು’ ಎಂಬ ನೇರವಾದ ಧಾತುಗಳನ್ನೇ ಬಳಸುತ್ತದೆ.

‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’ ಎಂಬ ವಾಕ್ಯವನ್ನು ಕುರಿತು ಒಂದು ಮಾತು ಅವಶ್ಯ. ಸ್ಥಿತಿವಾಚಕವಾದ ಕ್ರಿಯೆಗೆ ಅಪೂರ್ಣವರ್ತಮಾನದ ಪ್ರತ್ಯಯವನ್ನು ಹಚ್ಚುವುದು ಆಂಗ್ಲರ ಕಿವಿಗೆ ಒಗ್ಗದು. ಊಟ ಮಾಡುತ್ತಿರುವವನು ‘ಐ ಆಮ್ ಹ್ಯಾವಿಂಗ್ ಲಂಚ್’ ಎನ್ನಬಹುದು, ಏಕೆಂದರೆ ಅಲ್ಲಿ ನಡೆಯುತ್ತಿರುವ ವ್ಯಾಪಾರವೊಂದುಂಟು. ಸೋದರರನ್ನು ಹೊಂದಿರುವುದಾದರೋ ವ್ಯಾಪಾರವಲ್ಲ. ಈ ಪ್ರಯೋಗ ತಮಿಳರಿಗೆ ಮಾತ್ರ ವಿಶಿಷ್ಟವಾದುದಲ್ಲ. ಹಿಂದಿ, ತೆಲುಗು, ಕನ್ನಡ, ಮಲೆಯಾಳಗಳನ್ನಾಡುವವರ ಆಂಗ್ಲದಲ್ಲಿಯೂ ಇದು ಕೇಳಿಬರುವುದರಿಂದ, ಯಾವುದೋ ಒಂದು ಭಾಷೆಯ ಛಾಯಾನುವಾದವೆಂದು ತಳ್ಳಿಹಾಕಲಾಗದು. ‘ವೈತ್ತುಕ್ಕೊಂಡಿರುಕ್ಕಿರೇನ್’ ಎಂಬ ತಮಿಳು ರೂಪದೊಳಗಿನ ‘ಕೊಂಡಿರು’ ಎಂಬುದನ್ನು ತರಗತಿಯಲ್ಲಿ ಯಾವಾಗಲೂ ‘ಇಂಗ್’ ಪ್ರತ್ಯಯಕ್ಕೆ ಸಮೀಕರಿಸಿ ಕಲಿಸುವುದೂ, ಸ್ಥಿತಿಗೂ ವ್ಯಾಪಾರಕ್ಕೂ ನಮ್ಮ ಭಾಷೆಗಳು ವರ್ತಮಾನದಲ್ಲಿ ಆಂಗ್ಲದಷ್ಟು ಕಟ್ಟುನಿಟ್ಟಾದ ಗಡಿಯನ್ನು ಹಾಕದಿರುವುದೂ ಇದಕ್ಕೆ ಸಂಭಾವ್ಯ ಕಾರಣಗಳೆಂದು ನಮ್ಮ ಅಭಿಪ್ರಾಯ. ಲಕ್ಷಾಂತರ ವಿದ್ಯಾವಂತರು ತಲೆಮಾರುಗಳಿಂದ ಆಡುತ್ತಿರುವುದನ್ನು ಹಾಸ್ಯಕ್ಕೆ ಗುರಿಮಾಡುವುದು ಸಭ್ಯತೆಯೂ ಅಲ್ಲ, ಶಾಸ್ತ್ರವೂ ಅಲ್ಲ. ಆದರೆ ಪರೀಕ್ಷೆಗೂ ಅಂತಾರಾಷ್ಟ್ರೀಯ ವ್ಯವಹಾರಕ್ಕೂ ಯಾವುದು ಅಂಗೀಕೃತವೆಂಬುದನ್ನು ವಿದ್ಯಾರ್ಥಿಗೆ ತಿಳಿಸಿಕೊಡುವುದು ಉಪಾಧ್ಯಾಯನ ಧರ್ಮ.

ಪ್ರಶ್ನೆಯಲ್ಲಿಯೂ ನಿಷೇಧದಲ್ಲಿಯೂ ಆಂಗ್ಲರ ವಾಡಿಕೆಯೇ ಕಾಲದಿಂದ ಕಾಲಕ್ಕೆ ಬದಲಾಗಿದೆ. ಹಳೆಯ ಪಠ್ಯಪುಸ್ತಕಗಳ ‘ಹ್ಯಾವ್ ಯು ಎ ಪೆನ್’ ಎಂಬುದು ಇಂದು ಅಪರೂಪವಾಗಿ, ‘ಡು ಯು ಹ್ಯಾವ್’ ಎಂಬುದೂ ‘ಹ್ಯಾವ್ ಯು ಗಾಟ್’ ಎಂಬುದೂ ಅದರ ಸ್ಥಾನವನ್ನು ಆಕ್ರಮಿಸಿವೆ. ವಾಕ್ಯಾಂತ್ಯಕ್ಕೆ ‘ಆ’ ಎಂಬ ಪ್ರಶ್ನಾರ್ಥಕವನ್ನು ಸೇರಿಸಿದರೆ ಮುಗಿಯುವ ತಮಿಳಿನಿಂದ ಬಂದವನಿಗೆ ಈ ಸ್ಥಾನಪಲ್ಲಟಗಳು ಕ್ಲೇಶಕರ. ‘ಯು ಹ್ಯಾವ್ ಕಮ್, ಈಸಿಂಟ್ ಇಟ್’ ಎಂಬ ಅನುಪ್ರಶ್ನೆಯಲ್ಲಿ ‘ಹ್ಯಾವಿಂಟ್ ಯು’ ಬರಬೇಕೆಂಬ ನಿಯಮ ಮರೆಯಾಗಿ, ಎಲ್ಲ ವಾಕ್ಯಗಳಿಗೂ ಒಂದೇ ರೂಪದಲ್ಲಿ ಸಲ್ಲುವ ‘ಇಲ್ಲೈಯಾ’ ಎಂಬ ತಮಿಳು ಪದದ ಪ್ರತಿಧ್ವನಿಯೇ ಕೇಳಿಸುತ್ತದೆ.

ಉಚ್ಚಾರಣೆಯ ತೊಡಕು ಅಷ್ಟು ದೊಡ್ಡದಲ್ಲ. ತಮಿಳಿನ ಸಹಜ ವರ್ಣಮಾಲೆಯಲ್ಲಿ ಹಕಾರಕ್ಕೆ ಅಕ್ಷರವಿಲ್ಲದೆ ಗ್ರಂಥಲಿಪಿಯಿಂದ ಅದನ್ನು ತಂದುಕೊಂಡಿರುವುದೂ, ಹನುಮಂತನು ತಮಿಳಿನಲ್ಲಿ ಅನುಮನ್ ಆದುದೂ ಪ್ರಸಿದ್ಧ. ಪಕಾರವನ್ನೇ ಹಕಾರವಾಗಿಸಿಕೊಂಡು ಪಾಲನ್ನು ಹಾಲೆಂದ ಕನ್ನಡಕ್ಕೆ ಈ ಕೊರತೆಯಿಲ್ಲ. ಆಂಗ್ಲರು ಶೀಘ್ರವಾಗಿ ಮಾತನಾಡುವಾಗ ‘ಹ್ಯಾವ್’ ಕ್ಷೀಣಿಸಿ ‘ಐವ್’ ಎಂಬಲ್ಲಿಯಂತೆ ಒಂದು ವಕಾರ ಮಾತ್ರವಾಗುವುದೇ ನಿಜವಾದ ಕಷ್ಟ. ಪ್ರತಿಯೊಂದು ಅಕ್ಷರವನ್ನೂ ಪೂರ್ಣವಾಗಿ ನುಡಿಯುವವನ ಕಿವಿಗೆ ಆ ಅಲ್ಪಧ್ವನಿ ಕೇಳಿಸದೆ ಹೋಗುವುದರಿಂದ, ಬರವಣಿಗೆಯಲ್ಲಿಯೂ ಅದು ಬಿಟ್ಟುಹೋಗುತ್ತದೆ.

ಇಂದಿನ ತಮಿಳು ಆಡುಮಾತು ಆಂಗ್ಲಕ್ರಿಯೆಗಳನ್ನು ಧಾರಾಳವಾಗಿ ಸ್ವೀಕರಿಸಿದೆ. ‘ಪಣ್ಣು’ ಎಂಬ ‘ಮಾಡು’ ಧಾತುವನ್ನು ಹಿಂದೆ ನಿಲ್ಲಿಸಿ ‘ಟ್ರೈ ಪಣ್ಣು’, ‘ಡ್ರೈವ್ ಪಣ್ಣು’, ‘ಫೋನ್ ಪಣ್ಣು’ ಎಂದು ಬೇಕಾದುದನ್ನೆಲ್ಲ ತನ್ನದಾಗಿಸಿಕೊಳ್ಳುತ್ತದೆ. ಆಂಗ್ಲದಲ್ಲಿ ಪದೇ ಪದೇ ಕೇಳಿಬರುವ ‘ಹ್ಯಾವ್’ ಮಾತ್ರ ಸ್ವಾಮ್ಯಾರ್ಥದಲ್ಲಿ ಈ ಬಾಗಿಲಿನಿಂದ ಒಳಗೆ ಬಂದಿಲ್ಲ. ‘ಪಣ್ಣು’ ಸೇರುವುದು ವ್ಯಾಪಾರಕ್ಕೆ; ಒಡೆತನವನ್ನು ವ್ಯಾಪಾರವೆಂದು ಒಪ್ಪದ ಭಾಷಾಸ್ವಭಾವ ತೊಲ್ಕಾಪ್ಪಿಯದ ಕಾಲದಲ್ಲಿ ಹೇಗಿತ್ತೋ ಚೆನ್ನೈಯ ಬಸ್ಸುಗಳಲ್ಲಿಯೂ ಹಾಗೆಯೇ ಉಳಿದಿದೆ.

ಬೋಧನಕ್ರಮದ ವಿಷಯವಾಗಿ ಕರ್ನಾಟಕಕ್ಕೂ ಇಲ್ಲೊಂದು ಸಂಬಂಧವುಂಟು. ದಕ್ಷಿಣದ ರಾಜ್ಯಗಳ ಉಪಾಧ್ಯಾಯರಿಗೆ ತರಬೇತು ಕೊಡುವುದಕ್ಕಾಗಿ 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಆಂಗ್ಲಭಾಷಾ ಸಂಸ್ಥೆ ಸ್ಥಾಪಿತವಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರಿನಲ್ಲಿಯೂ ತಮಿಳುನಾಡಿನ ಕೆಲವು ಶಾಲೆಗಳಲ್ಲಿಯೂ ನಡೆಸಿದ, ಬೆಂಗಳೂರು ಯೋಜನೆಯೆಂದೇ ಲೋಕಪ್ರಸಿದ್ಧವಾದ ಪ್ರಯೋಗವು, ವ್ಯಾಕರಣಸೂತ್ರಗಳನ್ನು ಮುಂದಾಗಿ ಹೇಳದೆ, ಮಕ್ಕಳ ಮನಸ್ಸನ್ನು ಅರ್ಥಪೂರ್ಣವಾದ ಕಾರ್ಯಗಳಲ್ಲಿ ತೊಡಗಿಸಿದರೆ ಭಾಷೆ ತಾನಾಗಿ ಬೆಳೆಯುವುದೆಂದು ಪ್ರತಿಪಾದಿಸಿತು. ಅರ್ಥವನ್ನು ಮುಂದಿಡಬೇಕೆಂಬ ಅದರ ತತ್ತ್ವವನ್ನು ಒಪ್ಪಿಯೂ, ‘ಹ್ಯಾವ್’ ಮೊದಲಾದ ಕೆಲವು ಪದಗಳ ವಿಷಯದಲ್ಲಿ ಮಾತೃಭಾಷೆಯ ವಾಕ್ಯವನ್ನೂ ಆಂಗ್ಲದ ವಾಕ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸುವ ಹಳೆಯ ಕ್ರಮವನ್ನು ಬಿಡಬಾರದೆಂದು ನಾವು ಹೇಳುತ್ತೇವೆ. ಬೆಂಗಳೂರಿನ ಬಡಾವಣೆಗಳಲ್ಲಿಯೂ ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿಯೂ ತಮಿಳು ಮಾತಿನ ಮಕ್ಕಳೂ ಕನ್ನಡ ಮಾತಿನ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತು ಆಂಗ್ಲವನ್ನು ಕಲಿಯುತ್ತಾರೆ. ‘ಎನಕ್ಕು’ ಎಂಬುವನಿಗೂ ‘ನನಗೆ’ ಎಂಬುವನಿಗೂ ಇಲ್ಲಿ ಒಂದೇ ಪಾಠ ಸಾಕು. ಅಂಥ ಶಾಲೆಗಳ ಉಪಾಧ್ಯಾಯರು ಎರಡೂ ಭಾಷೆಗಳ ವಿಭಕ್ತಿಗಳನ್ನು ಅಷ್ಟಿಷ್ಟಾದರೂ ತಿಳಿದುಕೊಳ್ಳಲಿ. ನಮ್ಮ ನಿಘಂಟುಕಾರರು ಇನ್ನು ಮುಂದೆ ‘ಹ್ಯಾವ್’ ಎಂಬ ಉಲ್ಲೇಖದ ಕೆಳಗೆ ಒಂಟಿ ಪದಗಳನ್ನು ಬರೆದು ಕೈಬಿಡದೆ, ಇಡೀ ವಾಕ್ಯಗಳನ್ನೇ ಕೊಡಲಿ.